ಯಾವ ರೆಕಾರ್ಡಿಂಗ್ ಸಾಫ್ಟ್‌ವೇರಿನ ಕಾಟ ತಡೆದುಕೊಳ್ಳಬಹುದು?

ಪ್ರಶ್ನೆ: ಮನೆಯಲ್ಲೇ ಭಾವಗೀತೆ ಹಾಡಿ ರೆಕಾರ್ಡ್ ಮಾಡುತ್ತೇನೆ. ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, 8 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಈಗ ಬಳಸುವುದು ಆಡಾಸಿಟಿ. ಮೊದಲು ಹಾರ್ಮೋನಿಯಂ ರೆಕಾರ್ಡ್ ಮಾಡಿ, ಅದನ್ನು ಕೇಳುತ್ತಾ ಹಾಡಿದರೆ, ಆಮೇಲೆ ನೋಡುವಾಗ ಹಾಡು ಸ್ವಲ್ಪ ಹಿಂದೆ ಬಿದ್ದಿರುತ್ತದೆ. ಮಗಳು ಎಫ್‌ಎಲ್ ಸ್ಟುಡಿಯೋ ತಗೋ ಎನ್ನುತ್ತಾಳೆ. ತಬಲಾ ನುಡಿಸುವ ಗೆಳೆಯರು ಕ್ಯೂಬೇಸ್‌ನ ಕ್ರ್ಯಾಕ್ ಕೊಡುತ್ತೇನೆ ಎನ್ನುತ್ತಾರೆ. ಊರಿನ ಸ್ಟುಡಿಯೋದವರ ಪ್ರಕಾರ ಪ್ರೋ ಟೂಲ್ಸ್ ಬಿಟ್ಟು ಮಿಕ್ಕಿದ್ದೆಲ್ಲ ಆಟದ ಸಾಮಾನು. ಯಾವುದರಲ್ಲಿ ಸೌಂಡ್ ಚೆನ್ನಾಗಿ ಬರುತ್ತದೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಸೌಂಡ್ ಎಲ್ಲದರಲ್ಲೂ ಒಂದೇ ಥರ ಬರುತ್ತದೆ. ನಿಮ್ಮ ಮೈಕ್, ನಿಮ್ಮ ಕೋಣೆ, ನಿಮ್ಮ ಇಂಟರ್‌ಫೇಸ್ ಸೇರಿ ಏನು ಕೊಡುತ್ತವೋ ಅದನ್ನು ಸಾಫ್ಟ್‌ವೇರ್ ಅಂಕಿಗಳಾಗಿ ಬರೆದಿಡುತ್ತದೆ, ಅಷ್ಟೇ. ನಂಬಿಕೆ ಬರದಿದ್ದರೆ ಹೀಗೆ ಮಾಡಿ ನೋಡಿ. ನಾಲ್ಕೈದು ಸ್ಟೀರಿಯೋ ವೇವ್ ಫೈಲ್‌ಗಳನ್ನು ಎರಡು ಬೇರೆ ಬೇರೆ ಸಾಫ್ಟ್‌ವೇರ್‌ಗೆ ಹಾಕಿ. ಫೇಡರ್ (ಲೆವೆಲ್ ಏರಿಸಿ ಇಳಿಸುವ ಹಿಡಿಕೆ), ಪ್ಯಾನ್ (ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ಗುಂಡಿ) ಯಾವುದನ್ನೂ ಮುಟ್ಟದೆ ಎಕ್ಸ್‌ಪೋರ್ಟ್ ಮಾಡಿ. ಬಂದ ಎರಡು ಫೈಲ್‌ಗಳನ್ನು ಒಂದೇ ಕಡೆ ಒಂದರ ಕೆಳಗೊಂದು ಇಟ್ಟು, ಒಂದರ ಪೋಲಾರಿಟಿ ತಿರುಗಿಸಿ (ಅಂದರೆ ಅಲೆಯನ್ನು ತಲೆಕೆಳಗು ಮಾಡಿ) ಪ್ಲೇ ಮಾಡಿ. ಒಂದನ್ನೊಂದು ಅಳಿಸಿಹಾಕಿ ಏನೂ ಕೇಳಿಸುವುದಿಲ್ಲ. ಹಾಗಾದರೆ 'ಇದರಲ್ಲಿ ಸೌಂಡ್ ದಪ್ಪ ಬರುತ್ತೆ' ಎಂದು ಜನ ಹೇಳುತ್ತಾರಲ್ಲ? ಮೊನೊ ಟ್ರ್ಯಾಕ್ ನಡುವೆ ಇದ್ದಾಗ ಎಷ್ಟು ಲೆವೆಲ್ ಇಳಿಸಬೇಕು ಅನ್ನುವ ಲೆಕ್ಕ ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ. ಅದಕ್ಕೆ ಪ್ಯಾನ್ ಲಾ ಎನ್ನುತ್ತಾರೆ. ಎರಡು ಮೂರು ಡೆಸಿಬೆಲ್ ಜೋರಾಗಿ ಕೇಳಿದ್ದು ನಮ್ಮ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಅದರಲ್ಲಿ ಇನ್ನೇನೂ ಮರ್ಮ ಇಲ್ಲ.

ಬೇರೆ ಬೇರೆಯಾಗಿರುವುದು ನಿಮ್ಮ ತಲೆ ಎಲ್ಲಿ ಕೆಡುತ್ತದೆ ಅನ್ನುವುದು. ಪ್ರತಿಯೊಂದು ಸಾಫ್ಟ್‌ವೇರೂ ಯಾವುದೋ ಒಂದು ಕೆಲಸಕ್ಕೆ ಅಂತ ಹುಟ್ಟಿದ್ದು. ಆ ಕೆಲಸದಲ್ಲಿ ಅದು ಗಟ್ಟಿ. ಅದರಾಚೆ ಹೋದಾಗ ಕಿರಿಕಿರಿ. ಅದಕ್ಕೇ, ನಿಮ್ಮ ಕೆಲಸಕ್ಕೆ ಯಾರ ಕಿರಿಕಿರಿ ಅಡ್ಡ ಬರುವುದಿಲ್ಲ ಅಂತ ನೋಡಿ ಆರಿಸುವುದು ಒಳ್ಳೆಯದು.

ಮೊದಲು ನಿಮ್ಮ ಈಗಿನ ತೊಂದರೆ ಮುಗಿಸೋಣ. ಅದಕ್ಕೆ ಸಾಫ್ಟ್‌ವೇರ್ ಬದಲಿಸಬೇಕಾಗಿಯೇ ಇಲ್ಲ.

ತಡ ಅನ್ನುವುದರಲ್ಲಿ ಎರಡು ಬಗೆ ಇದೆ. ಹಾಡುವಾಗ ನಿಮ್ಮ ದನಿ ನಿಮಗೇ ಹೆಡ್‌ಫೋನ್‌ನಲ್ಲಿ ತಡವಾಗಿ ಕೇಳುವುದು ಒಂದು. ಹಾಡಿ ಮುಗಿಸಿದ ಮೇಲೆ ಟ್ರ್ಯಾಕ್ ತಪ್ಪು ಜಾಗದಲ್ಲಿ ಕೂತಿರುವುದು ಇನ್ನೊಂದು. ನಿಮ್ಮದು ಎರಡನೆಯದು. ಹಾರ್ಮೋನಿಯಂ ಲ್ಯಾಪ್‌ಟಾಪಿನಿಂದ ಹೊರಟು ನಿಮ್ಮ ಕಿವಿ ಸೇರಲು ಸ್ವಲ್ಪ ಹೊತ್ತು ಬೇಕು. ನಿಮ್ಮ ದನಿ ಮೈಕಿನಿಂದ ಲ್ಯಾಪ್‌ಟಾಪ್ ಸೇರಲು ಇನ್ನೂ ಸ್ವಲ್ಪ ಹೊತ್ತು. ಈ ಎರಡನ್ನೂ ಕೂಡಿಸಿ ಅಷ್ಟು ಹಿಂದಕ್ಕೆ ಸರಿಸಿ ಇಡುವುದು ಸಾಫ್ಟ್‌ವೇರಿನ ಕೆಲಸ. ಆಡಾಸಿಟಿ ನಿಮ್ಮ ಮಷೀನನ್ನು ಅಳೆದು ನೋಡುವುದಿಲ್ಲ. ಎಲ್ಲರಿಗೂ ಮೈನಸ್ 130 ಮಿಲಿಸೆಕೆಂಡ್ ಅಂತ ಒಂದೇ ಅಂಕಿ ಹಾಕಿಟ್ಟಿರುತ್ತದೆ. ನಿಮ್ಮ ಲ್ಯಾಪ್‌ಟಾಪಿಗೆ ಅದು ಸಾಲದು.

ಅಳೆಯುವುದು ಸುಲಭ. ಒಂದು ಟ್ರ್ಯಾಕಿನಲ್ಲಿ ಆಡಾಸಿಟಿಯ ರಿದಂ ಟ್ರ್ಯಾಕ್ ಹಾಕಿ, ಟಿಕ್ ಟಿಕ್ ಅಂತ ಬರುತ್ತದಲ್ಲ, ಅದು. ಹೆಡ್‌ಫೋನಿನ ಒಂದು ಕಿವಿಯನ್ನು ಮೈಕಿಗೆ ಒತ್ತಿ ಹಿಡಿದು ಎರಡನೇ ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಈಗ ಎರಡನ್ನೂ ದೊಡ್ಡದು ಮಾಡಿ ನೋಡಿ. ಮೇಲಿನ ಟಿಕ್‌ಗೂ ಕೆಳಗಿನ ಟಿಕ್‌ಗೂ ನಡುವಿನ ಜಾಗವನ್ನು ಸೆಲೆಕ್ಟ್ ಮಾಡಿದರೆ ಎಷ್ಟು ಮಿಲಿಸೆಕೆಂಡ್ ಅಂತ ಕೆಳಗೆ ಕಾಣುತ್ತದೆ. 40 ಬಂತು ಅಂದುಕೊಳ್ಳಿ. ಪ್ರಿಫರೆನ್ಸಸ್‌ನ ಆಡಿಯೋ ಸೆಟ್ಟಿಂಗ್ಸ್‌ಗೆ ಹೋಗಿ, ಲೇಟೆನ್ಸಿ ಕಾಂಪೆನ್ಸೇಷನ್‌ನಲ್ಲಿ ಮೈನಸ್ 130 ಇದ್ದದ್ದನ್ನು ಮೈನಸ್ 170 ಮಾಡಿ. ಇನ್ನೊಮ್ಮೆ ಅಳೆದು ಖಾತ್ರಿ ಮಾಡಿಕೊಳ್ಳಿ. ಇಂಟರ್‌ಫೇಸ್ ಬದಲಿಸಿದರೆ ಮತ್ತೆ ಅಳೆಯಬೇಕು.

ಹಾಡುವಾಗ ನಿಮ್ಮ ದನಿ ಕೇಳಲು ಸಾಫ್ಟ್‌ವೇರನ್ನು ನೆಚ್ಚಬೇಡಿ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಅಂತ ಬಟನ್ನೋ ತಿರುಗಿಸುವ ಗುಂಡಿಯೋ ಇರುತ್ತದೆ, ಅದನ್ನು ಆನ್ ಮಾಡಿ. ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಕಿವಿಗೆ ಬರುತ್ತದೆ.

ಇಷ್ಟು ಸರಿಮಾಡಿಕೊಂಡರೆ ಆಡಾಸಿಟಿಯಲ್ಲೇ ಒಂದು ಹಾಡು, ಒಂದು ಹಾರ್ಮೋನಿಯಂ, ಒಂದು ತಬಲಾ ಆರಾಮಾಗಿ ಮುಗಿಯುತ್ತದೆ. ಪುಕ್ಕಟೆ, ಹಗುರ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಒಂದೇ ಫೈಲನ್ನು ತೆರೆದು, ಕೆಮ್ಮಿದ್ದು ಕತ್ತರಿಸಿ, ಎಂಪಿ3 ಮಾಡಿ ಕಳಿಸುವ ಕೆಲಸಕ್ಕೆ ನಾನು ಇವತ್ತಿಗೂ ಅದನ್ನೇ ತೆರೆಯುತ್ತೇನೆ. ಅದರ ಹುಟ್ಟೇ ಅಲ್ಲಿ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾದಾಗ ಅದು ಧ್ವನಿ ಫೈಲುಗಳನ್ನು ನೋಡಿ ತಿದ್ದುವ ಸಾಧನ. ಹಾಗಾಗಿ ಬಹಳ ವರ್ಷ ರಿವರ್ಬ್ (ಅನುರಣನ) ಹಾಕಿದರೆ ಫೈಲಿಗೇ ಅಂಟಿಬಿಡುತ್ತಿತ್ತು, ನಾಳೆ ಜಾಸ್ತಿಯಾಯಿತು ಅನ್ನಿಸಿದರೆ ತೆಗೆಯುವ ಹಾಗಿರಲಿಲ್ಲ. 2022ರ 3.2 ಆವೃತ್ತಿಯಿಂದ ಪ್ಲೇ ಮಾಡುತ್ತಲೇ ಎಫೆಕ್ಟ್ ಬದಲಿಸಬಹುದು. ಆದರೂ ಮಿಡಿ, ಅಂದರೆ ಕೀಬೋರ್ಡಿನಲ್ಲಿ ಯಾವ ಸ್ವರ ಯಾವಾಗ ನುಡಿಸಿದಿರಿ ಅನ್ನುವ ಮಾಹಿತಿ, ರೆಕಾರ್ಡ್ ಆಗುವುದಿಲ್ಲ. ಒಂದೇ ಚರಣವನ್ನು ನಾಲ್ಕು ಸಲ ಹಾಡಿ, ಒಳ್ಳೆಯ ಸಾಲುಗಳನ್ನು ಆರಿಸಿ ಜೋಡಿಸುವುದು ಅಂದರೆ ಅದರಲ್ಲಿ ಸಾಕು ಸಾಕಾಗುತ್ತದೆ. ಭಾವಗೀತೆ ಹಾಡುವವರಿಗೆ ಬೇಕಾದ ಕೆಲಸವೇ ಅದು, ಅಲ್ವಾ?

ಸ್ಟುಡಿಯೋದವರ ಪ್ರೋ ಟೂಲ್ಸ್‌ಗೆ ಬರೋಣ. 1991ರಲ್ಲಿ ಬಂದದ್ದು. ಟೇಪ್ ಮಷೀನ್ ಮತ್ತು ಮಿಕ್ಸರ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದವರಿಗಾಗಿ ಮಾಡಿದ್ದು. ಆಡಿಯೋ ಕತ್ತರಿಸಿ ಜೋಡಿಸುವುದರಲ್ಲಿ ಅದರ ಕೈ ಪಳಗಿದ್ದು ನಿಜ. ಕೀಬೋರ್ಡ್ ಶಾರ್ಟ್‌ಕಟ್ ರೂಢಿಯಾದ ಎಂಜಿನಿಯರ್ ಮೌಸ್ ಮುಟ್ಟದೆ ಎಡಿಟ್ ಮಾಡುವುದನ್ನು ನೋಡಿದರೆ ನೀವೂ ಮರುಳಾಗುತ್ತೀರಿ. ದೊಡ್ಡ ಸ್ಟುಡಿಯೋ, ಸಿನಿಮಾ ಮಿಕ್ಸಿಂಗ್ ಇರುವ ಕಡೆ ಸೆಷನ್ ಫೈಲನ್ನು ಹಾಗೇ ಕೈ ಬದಲಿಸಬಹುದು ಅನ್ನುವುದು ದೊಡ್ಡ ಅನುಕೂಲ. ಅದರ ಕಾಟಗಳೂ ಅಷ್ಟೇ ಹೆಸರುವಾಸಿ. ಐಲಾಕ್ (ಲೈಸೆನ್ಸ್ ಪರೀಕ್ಷಿಸುವ ವ್ಯವಸ್ಥೆ) ಖಾತೆ ಇಲ್ಲದೆ ತೆರೆಯುವುದಿಲ್ಲ. ಬೇರೆ ಹೆಚ್ಚಿನ ಕಡೆ ಓಡುವ ವಿಎಸ್‌ಟಿ ಪ್ಲಗಿನ್‌ಗಳು (ಸಾಫ್ಟ್‌ವೇರಿನೊಳಗೆ ಸೇರಿಸಿಕೊಳ್ಳುವ ಎಫೆಕ್ಟ್, ವಾದ್ಯಗಳು) ಇಲ್ಲಿ ಓಡುವುದಿಲ್ಲ, ಎಎಎಕ್ಸ್ ಅಂತ ಅದರದ್ದೇ ಬೇರೆ ಜಾತಿ. ಟೇಕ್ ಚೆನ್ನಾಗಿ ಹೋಗುತ್ತಿರುವಾಗಲೇ ನಿಂತುಬಿಟ್ಟು, ಎಎಇ ಎರರ್ ಮೈನಸ್ 9173 ಅಂತ ಒಂದು ಪೆಟ್ಟಿಗೆ ತೋರಿಸುತ್ತದೆ. ಬಫರ್ (ಆಡಿಯೋವನ್ನು ಕಂಪ್ಯೂಟರ್ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟುಕೊಳ್ಳುವ ಜಾಗ) ಸಾಲುತ್ತಿಲ್ಲ, ಹೆಚ್ಚು ಮಾಡಿ ಅನ್ನುವುದು ಅದರ ಅರ್ಥ. ಎದುರಿಗೆ ಗಾಯಕರು ನಿಂತಿರುವಾಗ ಈ ಅಂಕಿ ನೋಡಿದರೆ ಮೈ ಉರಿಯುತ್ತದೆ. 2013ರಲ್ಲಿ 11ನೇ ಆವೃತ್ತಿ ಬರುವವರೆಗೂ ಐದು ನಿಮಿಷದ ಹಾಡನ್ನು ಬೌನ್ಸ್ ಮಾಡಲು (ಎಲ್ಲ ಟ್ರ್ಯಾಕ್ ಸೇರಿಸಿ ಒಂದೇ ಫೈಲ್ ಮಾಡಲು) ಐದು ನಿಮಿಷ ಕೂತು ಕೇಳಲೇಬೇಕಿತ್ತು. ನೋಡಬೇಕು ಅನ್ನಿಸಿದರೆ ಪ್ರೋ ಟೂಲ್ಸ್ ಇಂಟ್ರೋ ಅಂತ ಪುಕ್ಕಟೆ ಆವೃತ್ತಿ ಇದೆ, ಎಂಟು ಆಡಿಯೋ ಟ್ರ್ಯಾಕ್ ಕೊಡುತ್ತದೆ. ಮನೆಯಲ್ಲಿ ಒಬ್ಬರೇ ಹಾಡುವವರಿಗೆ ಅದರ ಸಹವಾಸ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕ್ಯೂಬೇಸ್ ಬಂದದ್ದು ಸಂಗೀತದ ಕೀಬೋರ್ಡಿನ ಕಡೆಯಿಂದ. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1989ರಲ್ಲಿ ಅಟಾರಿ ಕಂಪ್ಯೂಟರಿಗೆ ಮಾಡಿದಾಗ ಅದು ಬರೀ ಮಿಡಿ ಸೀಕ್ವೆನ್ಸರ್. ಈಗ ಬಹಳ ಜನ ಬಳಸುವ ವಿಎಸ್‌ಟಿ ಪ್ಲಗಿನ್ನು, ವಿಂಡೋಸ್‌ನಲ್ಲಿ ತಡ ಕಡಿಮೆ ಮಾಡುವ ಆಸಿಯೋ ಡ್ರೈವರು, ಎರಡೂ ಅವರ ಕೊಡುಗೆ. ಸ್ಟ್ರಿಂಗ್ಸ್, ಕೊಳಲು, ಪ್ಯಾಡ್ ಎಲ್ಲವನ್ನೂ ಕೀಬೋರ್ಡಿನಿಂದ ನುಡಿಸಿ ಹಿನ್ನೆಲೆ ಸಂಗೀತ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ತೊಂದರೆ ಅಂದರೆ ಮೆನು ಒಳಗೆ ಮೆನು, ಕಿಟಕಿ ಮೇಲೆ ಕಿಟಕಿ. ಜೊತೆಗೆ ವರ್ಷಗಟ್ಟಲೆ ಒಂದು ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಇರುವ ಕಡ್ಡಿ) ಚುಚ್ಚಿಕೊಂಡೇ ಇರಬೇಕಿತ್ತು. ಅದು ಮುರಿದರೆ, ಕಳೆದರೆ ದುಡ್ಡು ಕೊಟ್ಟು ಕೊಂಡವರೂ ಬೀದಿಗೆ. 2022ರ 12ನೇ ಆವೃತ್ತಿಯಲ್ಲಿ ಅದು ಹೋಯಿತು.

ಗೆಳೆಯರ ಕ್ರ್ಯಾಕ್ ಪ್ರತಿ ಮಾತ್ರ ಬೇಡ. ನೀತಿಪಾಠ ಹಾಗಿರಲಿ. ಆಂಟಿವೈರಸ್ ಆಫ್ ಮಾಡಿ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ, ಬ್ಯಾಂಕಿನ ಪಾಸ್‌ವರ್ಡ್ ಇರುವ ಲ್ಯಾಪ್‌ಟಾಪಿನಲ್ಲಿ ನೀವು ಹಾಕಿಕೊಳ್ಳುತ್ತೀರಾ? ನಿಮ್ಮ ಇಂಟರ್‌ಫೇಸಿನ ಪೆಟ್ಟಿಗೆಯೊಳಗೆ ಒಂದು ಚೀಟಿ ಇರಬಹುದು, ಹುಡುಕಿ. ಎಷ್ಟೋ ಇಂಟರ್‌ಫೇಸ್‌ಗಳ ಜೊತೆ ಕ್ಯೂಬೇಸ್ ಅಥವಾ ಏಬಲ್‌ಟನ್ ಲೈವ್‌ನ ಚಿಕ್ಕ ಆವೃತ್ತಿ ಪುಕ್ಕಟೆ ಬರುತ್ತದೆ. ಜನ ಆ ಚೀಟಿಯನ್ನು ಪೆಟ್ಟಿಗೆ ಸಮೇತ ಅಟ್ಟಕ್ಕೆ ಹಾಕಿಬಿಡುತ್ತಾರೆ.

ಮಗಳು ಹೇಳಿದ ಎಫ್‌ಎಲ್ ಸ್ಟುಡಿಯೋ ಬೀಟ್ ಕಟ್ಟುವವರಿಗೆ ಹಬ್ಬ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಪುಕ್ಕಟೆ, ಈ ಮಾತನ್ನು ಅವರು ಇವತ್ತಿನವರೆಗೂ ಉಳಿಸಿಕೊಂಡಿದ್ದಾರೆ. ಆದರೆ ಅದರ ಅತಿ ಅಗ್ಗದ ಫ್ರೂಟಿ ಆವೃತ್ತಿ ನಿಮ್ಮ ದನಿ ರೆಕಾರ್ಡ್ ಮಾಡುವ ಕೆಲಸಕ್ಕೆ ಬರುವುದಿಲ್ಲ, ಪ್ರೊಡ್ಯೂಸರ್ ಆವೃತ್ತಿಯೇ ಬೇಕು. ಟ್ರಯಲ್‌ನಲ್ಲಿ ಸೇವ್ ಮಾಡಬಹುದು, ಸೇವ್ ಮಾಡಿದ್ದನ್ನು ಮತ್ತೆ ತೆರೆಯಲು ಬಿಡುವುದಿಲ್ಲ. ರಾತ್ರಿಯೆಲ್ಲ ಕೂತು ಕೆಲಸ ಮಾಡಿದ ಹುಡುಗರಿಗೆ ಬೆಳಿಗ್ಗೆ ಇದು ಗೊತ್ತಾಗುತ್ತದೆ. ಏಬಲ್‌ಟನ್ ಲೈವ್ ವೇದಿಕೆ ಮೇಲೆ ಲೂಪ್ ಹಾಕಿ ನುಡಿಸುವವರದು. ಟೇಕ್‌ಗಳನ್ನು ಆರಿಸಿ ಜೋಡಿಸುವ ಸೌಲಭ್ಯ ಅದಕ್ಕೆ ಬಂದದ್ದೇ 2021ರಲ್ಲಿ. ಲಾಜಿಕ್ ಪ್ರೊ ಕೊಟ್ಟ ದುಡ್ಡಿಗೆ ಸಿಗುವ ಸಾಮಾನು ನೋಡಿದರೆ ಎಲ್ಲಕ್ಕಿಂತ ಮೇಲು. ಆದರೆ 2002ರಲ್ಲಿ ಆಪಲ್ ಅದನ್ನು ಕೊಂಡ ಮೇಲೆ ವಿಂಡೋಸ್ ಆವೃತ್ತಿ ನಿಂತುಹೋಯಿತು. ನಿಮ್ಮ ಹತ್ತಿರ ಮ್ಯಾಕ್ ಇದ್ದಿದ್ದರೆ ಈ ಉತ್ತರ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು: ಗ್ಯಾರೇಜ್‌ಬ್ಯಾಂಡ್‌ನಲ್ಲಿ ಶುರು ಮಾಡಿ, ಸಾಲದಾದಾಗ ಲಾಜಿಕ್ ಕೊಳ್ಳಿ.

ಈ ಸಾಫ್ಟ್‌ವೇರ್‌ಗಳ ಹೋಲಿಕೆಯಲ್ಲಿ ಸಾಮಾನ್ಯವಾಗಿ ಯಾರೂ ಹೇಳದ ಒಂದು ವಿಷಯ ಇದೆ. ನಮ್ಮ ಸಂಗೀತಕ್ಕೆ ಇವೆಲ್ಲವೂ ಒಂದೇ ಜಾಗದಲ್ಲಿ ಎಡವುತ್ತವೆ.

ಶ್ರುತಿ ತಿದ್ದುವ ಪಿಚ್ ಕರೆಕ್ಷನ್ ತಗೊಳ್ಳಿ. ಕ್ಯೂಬೇಸ್‌ನಲ್ಲಿ ವೇರಿಆಡಿಯೋ, ಲಾಜಿಕ್‌ನಲ್ಲಿ ಫ್ಲೆಕ್ಸ್ ಪಿಚ್, ಬೇರೆ ಕಡೆ ಮೆಲೊಡೈನ್. ನಿಮ್ಮ ಹಾಡನ್ನು ಚಿಕ್ಕ ಚಿಕ್ಕ ಉಂಡೆಗಳ ಥರ ಪರದೆ ಮೇಲೆ ತೋರಿಸುತ್ತವೆ. ಪ್ರತಿ ಉಂಡೆಯೂ ಪಿಯಾನೋದ ಹನ್ನೆರಡು ಸ್ವರಗಳಲ್ಲಿ ಒಂದರ ಮೇಲೆ ಕೂರಬೇಕು ಅನ್ನುವುದು ಅವುಗಳ ನಂಬಿಕೆ. ಕರ್ನಾಟಕ ಸಂಗೀತದ ತೋಡಿ ರಾಗದ ಗಾಂಧಾರ ಹಾಡಿ ನೋಡಿ. ಅದು ಒಂದು ಕಡೆ ನಿಲ್ಲುವ ಸ್ವರ ಅಲ್ಲ, ರಿಷಭದ ಕಡೆಗೂ ಮಧ್ಯಮದ ಕಡೆಗೂ ತೂಗುತ್ತಾ ಇರುತ್ತದೆ. ಸಾಫ್ಟ್‌ವೇರ್ ಅದನ್ನು ರಿ, ಮ, ರಿ, ಮ ಅಂತ ನಾಲ್ಕು ತುಂಡು ಮಾಡಿ ತೋರಿಸುತ್ತದೆ, ಇಲ್ಲವೇ ಅಲೆಅಲೆಯಾದ ಒಂದೇ ಉದ್ದ ಉಂಡೆ ಮಾಡುತ್ತದೆ. 'ಸರಿಪಡಿಸು' ಅಂತ ಒತ್ತಿದಿರೋ, ಗಮಕ ಹೋಗಿ ಮೆಟ್ಟಿಲು ಹತ್ತಿ ಇಳಿದ ಹಾಗೆ ಕೇಳುತ್ತದೆ. ಭಾವಗೀತೆಯಲ್ಲಿ ಇಷ್ಟು ಭಾರಿ ಗಮಕ ಇರುವುದಿಲ್ಲ ನಿಜ, ಆದರೆ ಸಾಲಿನ ಕೊನೆಯಲ್ಲಿ ಜಾರಿಸಿ ಇಳಿಯುತ್ತೀರಲ್ಲ, ಅದಕ್ಕೂ ಇದೇ ಗತಿ. ತಿದ್ದಲೇಬೇಕು ಅಂದರೆ ಆಟೋಮ್ಯಾಟಿಕ್ ಬಿಟ್ಟು, ಆ ಒಂದು ಉಂಡೆಯನ್ನು ಮಾತ್ರ ಹಿಡಿದು ಸ್ವಲ್ಪ ಮೇಲೆ ಕೆಳಗೆ ಸರಿಸಿ. ಒಳಗಿನ ಅಲೆಯನ್ನು ನೇರ ಮಾಡುವ ಹಿಡಿಕೆಗೆ ಕೈ ಹಾಕಬೇಡಿ. ಇನ್ನೊಂದು ಎಚ್ಚರಿಕೆ: ನಿಮ್ಮ ಹಾರ್ಮೋನಿಯಂ 440 ಹರ್ಟ್ಸ್ ಲೆಕ್ಕಕ್ಕೆ ಶ್ರುತಿಯಾಗಿರದೇ ಇರಬಹುದು. ಹಳೇ ಪೆಟ್ಟಿಗೆಗಳು ಸ್ವಲ್ಪ ಮೇಲೋ ಕೆಳಗೋ ಇರುತ್ತವೆ. ಆಗ ನೀವು ಶ್ರುತಿಶುದ್ಧವಾಗಿ ಹಾಡಿದರೂ ಸಾಫ್ಟ್‌ವೇರ್ ಪ್ರತಿ ಸ್ವರಕ್ಕೂ ತಪ್ಪು ಹಾಕುತ್ತದೆ. ಟ್ಯೂನಿಂಗ್ ರೆಫರೆನ್ಸ್ ಬದಲಿಸಿ ನೋಡಿ. ನನ್ನನ್ನು ಕೇಳಿದರೆ, ಇಷ್ಟೆಲ್ಲ ಮಾಡುವ ಹೊತ್ತಿನಲ್ಲಿ ಇನ್ನೊಂದು ಟೇಕ್ ಹಾಡಿಬಿಡಬಹುದು.

ತಾಳದ್ದೂ ಹೀಗೇ. ಎಲ್ಲ ಸಾಫ್ಟ್‌ವೇರೂ ನಾಲ್ಕು ಪೆಟ್ಟಿನ ಕ್ಲಿಕ್ ಇಟ್ಟುಕೊಂಡೇ ತೆರೆಯುತ್ತದೆ. ದಾದ್ರಾಕ್ಕೆ ಆರು, ಹಿಂದೂಸ್ತಾನಿ ರೂಪಕಕ್ಕೆ ಏಳು ಅಂತ ಟೈಮ್ ಸಿಗ್ನೇಚರ್ ಬದಲಿಸಬಹುದು. ಆದರೆ ಹಾಗೇ ಬಿಟ್ಟರೆ ಕ್ಲಿಕ್ ಸಾಮಾನ್ಯವಾಗಿ ಮೊದಲ ಪೆಟ್ಟನ್ನು ಮಾತ್ರ ಜೋರಾಗಿ ಹೊಡೆದು ಮಿಕ್ಕಿದ್ದನ್ನೆಲ್ಲ ಒಂದೇ ಥರ ಹೊಡೆಯುತ್ತದೆ. ರೂಪಕದ ಮೂರು, ಎರಡು, ಎರಡು ಅನ್ನುವ ನಡೆ ಅದರಲ್ಲಿ ತಾನಾಗಿ ಬರುವುದಿಲ್ಲ. ಅದನ್ನು ಕೇಳುತ್ತಾ ಹಾಡುವುದು ಹಿಂಸೆ. ಸುಮ್ನೆ ಕ್ಲಿಕ್ ಜೊತೆ ಗುದ್ದಾಡುವ ಬದಲು, ಎಲೆಕ್ಟ್ರಾನಿಕ್ ತಬಲಾ ಪೆಟ್ಟಿಗೆಯನ್ನೋ ಮೊಬೈಲಿನ ತಬಲಾ ಆ್ಯಪನ್ನೋ ಇಂಟರ್‌ಫೇಸಿಗೆ ಲೈನ್ ಕೊಟ್ಟು, ಅದನ್ನೇ ಪೈಲಟ್ ಟ್ರ್ಯಾಕ್ ಆಗಿ ಇಟ್ಟುಕೊಳ್ಳಿ. ಪೆಟ್ಟಿಗೆಯಲ್ಲಿ ತೋರಿಸುವ ವೇಗದ ಅಂಕಿಯನ್ನೇ ಸಾಫ್ಟ್‌ವೇರಿನ ಟೆಂಪೋಗೂ ಹಾಕಿ, ಎರಡೂ ಹೊಂದುತ್ತವೆಯೇ ಅಂತ ಒಂದೆರಡು ಆವರ್ತ ನೋಡಿಕೊಳ್ಳಿ. ತಂಬೂರಿಯನ್ನು ಮಾತ್ರ ಹೆಡ್‌ಫೋನಿನಲ್ಲೇ ಕೇಳಿ. ಕೋಣೆಯಲ್ಲಿ ನುಡಿಯಲು ಬಿಟ್ಟರೆ ಅದು ಮೈಕಿಗೆ ನುಗ್ಗುತ್ತದೆ. ಆಮೇಲೆ ಎರಡು ಟೇಕ್ ಕತ್ತರಿಸಿ ಸೇರಿಸಿದಾಗ ಹಾಡು ಸರಾಗವಾಗಿ ಹೋಗುತ್ತದೆ, ಹಿಂದಿನ ತಂಬೂರಿ ಮಾತ್ರ ಹಾರಿಬೀಳುತ್ತದೆ.

ನಿಮಗೆ ನಾನು ಹೇಳುವುದು ರೀಪರ್. ಕಂಪ್ಯೂಟರಿನಲ್ಲಿ ಹಾಡು ಕೇಳಲು ಬಳಸುತ್ತಿದ್ದ ವಿನ್‌ಆ್ಯಂಪ್ ನೆನಪಿದೆಯಾ? ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರದೇ ಇದು, 2005ರಿಂದ ಇದೆ. ಡೌನ್‌ಲೋಡ್ ಎಷ್ಟು ಚಿಕ್ಕದು ಅಂದರೆ, ಮಿಕ್ಕವರು ಗಿಗಾಬೈಟ್ ಲೆಕ್ಕದಲ್ಲಿ ಇಳಿಸುವಾಗ ಇದು ಕೆಲವೇ ಮೆಗಾಬೈಟ್‌ನಲ್ಲಿ ಮುಗಿಯುತ್ತದೆ. 60 ದಿನ ಯಾವ ಕಟ್ಟುಪಾಡೂ ಇಲ್ಲದೆ ಪೂರ್ತಿ ಬಳಸಬಹುದು. ಆಮೇಲೆ ಸ್ವಂತ ಬಳಕೆಗೆ 60 ಡಾಲರ್. ದೊಡ್ಡ ಮಟ್ಟದಲ್ಲಿ ದುಡಿಯುವವರಿಗೆ 225 ಡಾಲರ್. ಡಾಂಗಲ್ ಇಲ್ಲ, ತಿಂಗಳ ಬಾಡಿಗೆ ಇಲ್ಲ. ನಿಮ್ಮ 8 ಜಿಬಿ ಧಾರಾಳ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೊನೊ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಬೇಕು, ಐದು ನಿಮಿಷದ ಹಾಡಿಗೆ ಹತ್ತು ಟ್ರ್ಯಾಕ್ ಅಂದರೂ ಅರ್ಧ ಜಿಬಿ ಒಳಗೆ.

ಕಾಟ ಇಲ್ಲವೇ? ಬೇಕಾದಷ್ಟಿದೆ. ರೀಪರ್ ಅಂದರೆ ಗೋಡೆ ಗಟ್ಟಿ ಇರುವ ಖಾಲಿ ಬಾಡಿಗೆ ಮನೆ, ಮೊಳೆ ಹೊಡೆಯುವುದರಿಂದ ಹಿಡಿದು ಎಲ್ಲ ನಿಮ್ಮದೇ. ವಾದ್ಯದ ದನಿಗಳು ಅಂತ ಹೇಳಿಕೊಳ್ಳುವಂಥದ್ದು ಏನೂ ಬರುವುದಿಲ್ಲ. ನೋಡಲು ಚೆಂದ ಇಲ್ಲ. ಪ್ರಿಫರೆನ್ಸಸ್ ಕಿಟಕಿ ತೆರೆದರೆ ಆದಾಯ ತೆರಿಗೆ ಫಾರ್ಮ್‌ಗಿಂತ ಉದ್ದ. ಮೊದಲ ದಿನ ಎಲ್ಲರನ್ನೂ ಕೆರಳಿಸುವ ಒಂದು ಗುಣ ಇದೆ: ರೆಕಾರ್ಡ್ ಆದ ತುಂಡಿನ ಬಲ ಅಂಚನ್ನು ಹಿಡಿದು ಎಳೆದರೆ ಅದು ಮೊದಲಿಂದ ಮತ್ತೆ ಹಾಡಲು ಶುರು ಮಾಡುತ್ತದೆ. ಲೂಪ್ ಸೋರ್ಸ್ ಅಂತ ಅದರ ಹೆಸರು. ತುಂಡನ್ನು ಸೆಲೆಕ್ಟ್ ಮಾಡಿ ಎಫ್2 ಒತ್ತಿ, ಆ ಟಿಕ್ ತೆಗೆದುಬಿಡಿ.

ಹಾಕಿಕೊಂಡ ಮೇಲೆ ಪ್ರಿಫರೆನ್ಸಸ್‌ನಲ್ಲಿ ಮೂರೇ ಕಡೆ ಕೈ ಇಡಿ, ಮಿಕ್ಕಿದ್ದು ಹಾಗೇ ಇರಲಿ. ಆಡಿಯೋ ಡಿವೈಸ್‌ನಲ್ಲಿ ಆಸಿಯೋ ಆರಿಸಿ, ನಿಮ್ಮ ಇಂಟರ್‌ಫೇಸ್ ಕಂಪನಿಯ ಡ್ರೈವರ್ ಕೊಡಿ. ಆ ಡ್ರೈವರ್ ತನ್ನ ತಡ ಎಷ್ಟು ಅಂತ ತಾನೇ ಹೇಳುತ್ತದೆ, ರೀಪರ್ ಅದರಂತೆ ಟ್ರ್ಯಾಕನ್ನು ಸರಿಯಾದ ಜಾಗಕ್ಕೆ ಕೂರಿಸುತ್ತದೆ. ಆಡಾಸಿಟಿಯಲ್ಲಿ ಅಳೆದ ಹಾಗೆ ಅಳೆಯುವ ಕೆಲಸ ಇಲ್ಲಿ ಸಾಮಾನ್ಯವಾಗಿ ಬೀಳುವುದಿಲ್ಲ. ಬಫರ್ 256 ಇರಲಿ, ಡೈರೆಕ್ಟ್ ಮಾನಿಟರ್ ಇರುವುದರಿಂದ ಇನ್ನೂ ಕಡಿಮೆ ಮಾಡುವ ಹಟ ಬೇಡ. ಕೊನೆಯದಾಗಿ, ಪ್ರಾಜೆಕ್ಟ್ ಪುಟದಲ್ಲಿ ಕೆಲವು ನಿಮಿಷಕ್ಕೊಮ್ಮೆ ಗಂಟೆ ನಿಮಿಷ ಹಾಕಿದ ಬೇರೆ ಹೆಸರಿನಲ್ಲಿ ಬ್ಯಾಕಪ್ ಮಾಡುವ ಆಯ್ಕೆ ಇದೆ, ಆನ್ ಮಾಡಿ. ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟ ದಿನ ಅದು ಕಾಪಾಡುತ್ತದೆ.

ಟೇಕ್‌ಗಳ ವಿಷಯಕ್ಕೆ ಬಂದರೆ, 2023ರ 7ನೇ ಆವೃತ್ತಿ ರೀಪರ್‌ನ ದೊಡ್ಡ ಕೊರತೆಯೊಂದನ್ನು ತುಂಬಿತು. ಪಲ್ಲವಿಯನ್ನು ನಾಲ್ಕು ಸಲ ಹಾಡಿದರೆ ನಾಲ್ಕು ಸಾಲಾಗಿ ಒಂದರ ಕೆಳಗೊಂದು ಕೂರುತ್ತವೆ. ಮೊದಲ ಸಾಲಿನಿಂದ ಈ ಪದ, ಮೂರನೆಯದರಿಂದ ಆ ಪದ ಅಂತ ಮೌಸ್ ಎಳೆದು ತೋರಿಸಿದರೆ ಮೇಲೆ ಒಂದೇ ಹಾಡು ತಯಾರಾಗುತ್ತದೆ. ಸೇರಿಸುವ ಜಾಗವನ್ನು ಉಸಿರಿನಲ್ಲಿ ಇಡಿ, ಸ್ವರದ ನಡುವೆ ಬೇಡ. ಫ್ಯಾನ್ ಸದ್ದು ಕೂತಿದ್ದರೆ ರೀಎಫ್‌ಐಆರ್ ಅನ್ನುವ ಪ್ಲಗಿನ್ ಜೊತೆಗೇ ಬರುತ್ತದೆ. ಅದನ್ನು ಸಬ್‌ಟ್ರ್ಯಾಕ್ಟ್ ಮೋಡ್‌ಗೆ ಹಾಕಿ, ಹಾಡು ಶುರುವಾಗುವ ಮುಂಚಿನ ಬರೀ ಫ್ಯಾನ್ ಸದ್ದನ್ನು ಒಂದೆರಡು ಸೆಕೆಂಡ್ ಕೇಳಿಸಿ ಪ್ರೊಫೈಲ್ ಮಾಡಿದರೆ, ಅಷ್ಟನ್ನು ಕಳೆದು ಕೊಡುತ್ತದೆ. ಜಾಸ್ತಿ ಮಾಡಿದರೆ ದನಿ ಬಿಂದಿಗೆಯೊಳಗಿಂದ ಬಂದ ಹಾಗಾಗುತ್ತದೆ. ಆ ನಾಲ್ಕು ನಿಮಿಷ ಫ್ಯಾನ್ ಆರಿಸಿ ಹಾಡುವುದೇ ಮೇಲು.

ಯಾವುದನ್ನೇ ಕಲಿತರೂ ಪ್ರಾಜೆಕ್ಟ್ ಫೈಲನ್ನು ನಂಬಿ ಕೂರಬೇಡಿ. ಕೇಕ್‌ವಾಕ್ ಕಂಪನಿಯ ಸೋನಾರ್ ಅಂತ ಒಂದಿತ್ತು, ವಿಂಡೋಸ್‌ನಲ್ಲಿ ಬಹಳ ಜನ ನೆಚ್ಚಿಕೊಂಡಿದ್ದರು. 2017ರ ನವೆಂಬರ್‌ನಲ್ಲಿ ಮಾಲೀಕರಾದ ಗಿಬ್ಸನ್ ಅದನ್ನು ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಕೊಂಡು ಪುಕ್ಕಟೆ ಕೊಟ್ಟಿದ್ದು ಬಳಸುವವರ ಅದೃಷ್ಟ. ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದ ಕೊನೆಯವರೆಗೆ ಬೇರೆ ಬೇರೆ ವೇವ್ ಫೈಲ್ ಮಾಡಿ ಇಟ್ಟುಬಿಡಿ. ಹಾಡು ಎರಡನೇ ನಿಮಿಷಕ್ಕೆ ಶುರುವಾದರೂ ಫೈಲ್ ಸೊನ್ನೆಯಿಂದಲೇ ಇರಬೇಕು. ಆಗ ಯಾವ ಸಾಫ್ಟ್‌ವೇರಿಗೆ ಹಾಕಿದರೂ ಎಲ್ಲ ತಾನಾಗಿ ಹೊಂದಿಕೊಳ್ಳುತ್ತವೆ.

ಸ್ಟುಡಿಯೋದವರಿಗೆ ಮಿಕ್ಸಿಂಗ್‌ಗೆ ಕೊಡುವುದಾದರೂ ಇದನ್ನೇ ಕೊಡಿ. ನಿಮ್ಮ ದನಿಯ ಎರಡು ಪ್ರತಿ ಇರಲಿ: ರಿವರ್ಬ್, ಇಕ್ಯೂ ಏನೂ ಇಲ್ಲದ ಡ್ರೈ ಒಂದು, ನಿಮಗೆ ಹೇಗೆ ಬೇಕು ಅಂತ ತೋರಿಸುವ ವೆಟ್ ಒಂದು. ಲೆವೆಲ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ನೋಡಿಕೊಳ್ಳಿ. ಜೊತೆಗೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಶ್ರುತಿ, ತಾಳ, ಟೆಂಪೋ ಬರೆದಿಡಿ. ಅದನ್ನು ಅವರು ಪ್ರೋ ಟೂಲ್ಸ್‌ನಲ್ಲಿ ತೆರೆಯಲಿ, ಬೇರೆ ಯಾವುದರಲ್ಲೇ ತೆರೆಯಲಿ, ನೀವು ಯಾವುದರಲ್ಲಿ ಹಾಡಿದಿರಿ ಅಂತ ಕೇಳಬೇಕಾದ ಕಾರಣವೇ ಅವರಿಗೆ ಬರುವುದಿಲ್ಲ.